ಟಕ್ಸೀಡೊ: ಕೋಟಿಗೆ ಊರಿನ ಹೆಸರು, ಊರಿಗೆ ಯಾರ ಹೆಸರು?

ಪುಣೆ, ಹೈದರಾಬಾದ್, ಚೆನ್ನೈ, ಎಲ್ಲೇ ರಿಸೆಪ್ಷನ್ನಿಗೆ ಹೋಗಿ. ಕರಿ ಕೋಟು, ಮಿರುಗೋ ರೇಷ್ಮೆ ಕಾಲರು, ಬೋ ಟೈ ಹಾಕ್ಕೊಂಡು ನಿಂತ ಮದುಮಗ ಸಿಗ್ತಾನೆ. ಬಾಡಿಗೆ ಅಂಗಡಿಯವರು ಅದನ್ನ ‘ಟಕ್ಸೀಡೊ’ ಅಂತಾರೆ. ಏನು ಈ ಹೆಸರು?

ಕೋಟು ಹುಟ್ಟಿದ್ದು ಲಂಡನ್ನಿನಲ್ಲಿ. ಆಗ ಸಿರಿವಂತ ಗಂಡಸರು ರಾತ್ರಿ ಊಟಕ್ಕೂ ಹಿಂದೆ ಉದ್ದ ಬಾಲ ಇಳಿಬಿಟ್ಟ ಟೇಲ್‌ಕೋಟನ್ನೇ ಹಾಕಬೇಕಿತ್ತು. 1865ರಲ್ಲಿ ವಿಕ್ಟೋರಿಯಾ ರಾಣಿಯ ಮಗ, ಮುಂದೆ ಏಳನೇ ಎಡ್ವರ್ಡ್ ಆದ ಯುವರಾಜ, ಹೆನ್ರಿ ಪೂಲ್ ಅನ್ನೋ ದರ್ಜಿ ಅಂಗಡಿಯಲ್ಲಿ ಬಾಲವಿಲ್ಲದ ಗಿಡ್ಡ ಕೋಟು ಹೊಲಿಸಿಕೊಂಡ. ಮನೆಯೊಳಗಿನ ಊಟಕ್ಕೆ ಆರಾಮಾಗಿರಲಿ ಅಂತ. ಬ್ರಿಟನ್ನಿನವರಿಗೆ ಇದು ಇವತ್ತಿಗೂ ಡಿನ್ನರ್ ಜಾಕೆಟ್, ಫ್ರೆಂಚರಿಗೆ ‘ಸ್ಮೋಕಿಂಗ್’.

ಟಕ್ಸೀಡೊ ಅನ್ನೋದು ಅಮೆರಿಕದವರು ಕೊಟ್ಟ ಹೆಸರು. ನ್ಯೂಯಾರ್ಕ್ ನಗರದಿಂದ ಸುಮಾರು 65 ಕಿಲೋಮೀಟರ್ ದೂರದ ಬೆಟ್ಟಗಳಲ್ಲಿ, ತಂಬಾಕಿನಲ್ಲಿ ದುಡ್ಡು ಮಾಡಿದ ಮನೆತನದ ಪಿಯರ್ ಲೊರಿಲಾರ್ಡ್ 1886ರಲ್ಲಿ ಟಕ್ಸೀಡೊ ಪಾರ್ಕ್ ಕಟ್ಟಿಸಿದ. ನಮ್ಮ ಮಾತಿನಲ್ಲಿ ಹೇಳೋದಾದ್ರೆ ಗೇಟೆಡ್ ಕಮ್ಯುನಿಟಿ: ಸುತ್ತ ಬೇಲಿ, ಬಾಗಿಲಲ್ಲಿ ಕಾವಲು, ಒಳಗೆ ಕೆರೆ, ಕ್ಲಬ್ಬು. ಕಟ್ಟಿದವರು ಇಟಲಿ, ಸ್ಲೊವಾಕಿಯಾ ಕಡೆಯಿಂದ ಬಂದ ಕೂಲಿಯವರು. ಮನೆ ಮಾಡೋಕೆ ಅವಕಾಶ ಆರಿಸಿದ ಶ್ರೀಮಂತರಿಗೆ ಮಾತ್ರ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಕ್ಲಬ್ಬಿನ ಮೊದಲ ನೃತ್ಯಕೂಟ. ಲೊರಿಲಾರ್ಡನ ಮಗ ಗ್ರಿಸ್ವಾಲ್ಡ್ ಮತ್ತವನ ಗೆಳೆಯರು ಬಾಲವಿಲ್ಲದ ಕೋಟು ಹಾಕ್ಕೊಂಡು ಬಂದ್ರು. ಪತ್ರಿಕೆಯವರು ಗೇಲಿ ಮಾಡಿದ್ರು. ಆದ್ರೆ ಕೆಲವೇ ವರ್ಷಗಳಲ್ಲಿ ಗಿಡ್ಡ ಕೋಟಿಗೆ ಆ ಊರಿನ ಹೆಸರೇ ಅಂಟಿಕೊಂಡಿತು.

ಸರಿ, ಊರಿಗೆ ಆ ಹೆಸರು ಎಲ್ಲಿಂದ? ಯುರೋಪಿನವರು ಬರೋದಕ್ಕೆ ಮೊದಲು ಅಲ್ಲಿದ್ದ ಲೆನಾಪೆ ಜನರ ಮಾತಿನಿಂದ. ‘ದುಂಡು ಪಾದದ್ದು’, ಅಂದ್ರೆ ತೋಳ, ಅಂತ ಕೆಲವರು ಅರ್ಥ ಹೇಳ್ತಾರೆ. ‘ಅಂಕುಡೊಂಕಾಗಿ ಹರಿಯೋ ನೀರು’ ಅಂತ ಇನ್ನು ಕೆಲವರು. ಜಗಳ ಮುಗಿದಿಲ್ಲ. ಯಾಕಂದ್ರೆ ಆ ಮಾತಾಡ್ತಿದ್ದವರಲ್ಲಿ ಬಹಳಷ್ಟು ಜನರನ್ನ ಅಲ್ಲಿಂದ ಯಾವತ್ತೋ ಎಬ್ಬಿಸಿ ಆಗಿತ್ತು. ಅವರ ವಂಶದ ಹೆಚ್ಚಿನವರು ಇವತ್ತು ದೂರದ ಓಕ್ಲಹೋಮ, ವಿಸ್ಕಾನ್ಸಿನ್, ಕೆನಡಾದಲ್ಲಿದ್ದಾರೆ. ನೆಲ ಹೋಯ್ತು, ಮಾತು ಸೊರಗಿತು, ಹೆಸರು ಮಾತ್ರ ಶ್ರೀಮಂತರ ಮೈಮೇಲೆ ಉಳೀತು.

ಊರು ಬಿಟ್ಟು ಬಂದಿರೋ ನಮಗೆ ಇದು ಬರೀ ಬಟ್ಟೆಯ ಕಥೆ ಅಲ್ಲ. ನಿಮ್ಮ ಅಪಾರ್ಟ್‌ಮೆಂಟಿಗೆ ಬಿಲ್ಡರ್ ಇಟ್ಟ ಹೆಸರು ನಿಮಗೆ ಗೊತ್ತಿದೆ. ಅದಕ್ಕೂ ಮುಂಚೆ ಆ ಜಾಗಕ್ಕೆ ಏನಂತಿದ್ರು? ಪಕ್ಕದ ಹಳೇ ಅಂಗಡಿಯವರನ್ನ ಒಮ್ಮೆ ಕೇಳಿ ನೋಡಿ.