ಹುಳುವಿನ ಜ್ವರ ಮತ್ತು ಒಂದು ದಾರ

ರೇಷ್ಮೆ ಸಾಕುವವರ ಮನೆಯಲ್ಲಿ ‘ಹುಳು ಜ್ವರಕ್ಕೆ ಕೂತಿವೆ’ ಎಂಬ ಮಾತನ್ನು ನೀವು ಕೇಳಿರಬಹುದು. ಅದು ಕಾಯಿಲೆಯಲ್ಲ. ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆಯೆತ್ತಿ ಅಲುಗಾಡದೆ ಕುಳಿತ ಹುಳು ಹಳೆಯ ಚರ್ಮವನ್ನು ಕಳಚಲು ಸಿದ್ಧವಾಗುತ್ತಿರುತ್ತದೆ. ಗೂಡು ಕಟ್ಟುವ ಮೊದಲು ಇಂಥ ನಾಲ್ಕು ಜ್ವರಗಳು. ಕಳಚುವ ಹೊತ್ತು ಬಂತೆಂದು ಅದಕ್ಕೆ ಹೇಳುವವರು ಯಾರು?

ಈ ಪ್ರಶ್ನೆಯ ಬೆನ್ನು ಹತ್ತಿದವರು ಪೋಲೆಂಡಿನ ಸ್ಟೆಫಾನ್ ಕೊಪೆಚ್. ಕಂಬಳಿಹುಳು ಪ್ಯೂಪವಾಗುವುದೂ ಚರ್ಮ ಕಳಚಿಯೇ. ಅವರು ಜಿಪ್ಸಿ ಪತಂಗದ ಬೆಳೆದ ಹುಳುಗಳ ನಡುವಿಗೆ ದಾರ ಬಿಗಿದು, ಮುಂಭಾಗದ ರಕ್ತ ಹಿಂದಕ್ಕೆ ಹರಿಯದಂತೆ ಮಾಡಿದರು. ಬೇಗ ಕಟ್ಟಿದಾಗ ಮುಂಭಾಗ ಮಾತ್ರ ಪ್ಯೂಪವಾಯಿತು. ಹಿಂಭಾಗ ಹುಳುವಾಗಿಯೇ ಉಳಿಯಿತು. ಕೆಲವು ದಿನ ತಡೆದು ಕಟ್ಟಿದಾಗ ಎರಡೂ ಭಾಗ ಪ್ಯೂಪವಾದವು. ಮಿದುಳನ್ನು ತೆಗೆದು ನೋಡಿದಾಗಲೂ ಹಾಗೆಯೇ: ಬೇಗ ತೆಗೆದರೆ ಬದಲಾವಣೆಯಿಲ್ಲ, ತಡವಾದರೆ ಉಂಟು. ಆದರೆ ನರತಂತುವನ್ನು ಕತ್ತರಿಸಿದರೆ ಏನೂ ನಿಲ್ಲಲಿಲ್ಲ! ಅಂದಮೇಲೆ ಅಪ್ಪಣೆ ಬರುವುದು ನರದ ಮೂಲಕವಲ್ಲ. ಮಿದುಳಿನಿಂದ ಹೊರಟ ಯಾವುದೋ ವಸ್ತು ರಕ್ತದಲ್ಲಿ ಹರಿದು ಬರುತ್ತಿದೆ. 1917ರಲ್ಲಿಯೂ 1922ರಲ್ಲಿಯೂ ಅವರು ಬರೆದದ್ದು ಇದನ್ನೇ. ಕ್ಯಾಮರಾ ಮುಂದೆ ತೋರಿಸಲು ಇಷ್ಟು ಸರಳವಾದ ಪ್ರಯೋಗ ವಿಜ್ಞಾನದ ಚರಿತ್ರೆಯಲ್ಲಿ ಹೆಚ್ಚಿಲ್ಲ.

ಆದರೂ ಬಹುಮಂದಿ ಒಪ್ಪಲಿಲ್ಲ. ಮಿದುಳೆಂದರೆ ನರಗಳ ಕೇಂದ್ರ, ಅದು ಗ್ರಂಥಿಯ ಹಾಗೆ ರಸ ಸುರಿಸುವುದುಂಟೇ? 1934ರಲ್ಲಿ ಇಂಗ್ಲೆಂಡಿನ ವಿಗಲ್ಸ್‌ವರ್ತ್ ರಕ್ತ ಹೀರುವ ತಿಗಣೆಯೊಂದರ ತಲೆ ಕತ್ತರಿಸಿ ನೋಡಿ, ತಲೆಯಿಂದ ಬರುವ ವಸ್ತು ನಿಜವೆಂದು ತೋರಿಸಿದರು. 1940ರಲ್ಲಿ ಜಪಾನಿನ ಫುಕುಡಾ ರೇಷ್ಮೆಹುಳುವಿನ ಎದೆಯಲ್ಲಿರುವ ಗ್ರಂಥಿಯ ಪಾತ್ರವನ್ನು ಗುರುತಿಸಿದರು. ಮಿದುಳಿನ ಹಾರ್ಮೋನು ಈ ಗ್ರಂಥಿಯನ್ನು ಎಬ್ಬಿಸುತ್ತದೆ. ಚರ್ಮ ಕಳಚಿಸುವ ಹಾರ್ಮೋನು ಹೊರಡುವುದು ಗ್ರಂಥಿಯಿಂದ.

ಕೊಪೆಚ್ ಹೆಚ್ಚು ಕಾಲ ಉಳಿಯಲಿಲ್ಲ. 1941ರಲ್ಲಿ ನಾಜಿಗಳು ವಾರ್ಸಾ ಬಳಿ ಅವರನ್ನು ಗುಂಡಿಕ್ಕಿ ಕೊಂದರು. ಯುದ್ಧ ಮುಗಿದ ಮೇಲೆ ಆ ಹಾರ್ಮೋನನ್ನು ಕೈಗೆ ಸಿಗುವಂತೆ ಮಾಡಿದವರು ಜರ್ಮನಿಯ ವಿಜ್ಞಾನಿಗಳೇ. 1954ರಲ್ಲಿ ಬ್ಯೂಟನಂಟ್ ಮತ್ತು ಕಾರ್ಲ್‌ಸನ್ 500 ಕಿಲೋ ರೇಷ್ಮೆ ಪ್ಯೂಪಗಳಿಂದ 25 ಮಿಲಿಗ್ರಾಂ ಹರಳು ತೆಗೆದರು. ಒಂದು ಚಿಟಿಕೆ ಉಪ್ಪಿಗಿಂತಲೂ ಕಡಿಮೆ! ಅದಕ್ಕೆ ಎಕ್ಡೈಸೋನ್ ಎಂದು ಹೆಸರಾಯಿತು.

ಕೆಲವು ಗಿಡಗಳೂ ಇದೇ ಬಗೆಯ ವಸ್ತುವನ್ನು ತಯಾರಿಸುತ್ತವೆ. ಅದನ್ನು ಹಿಪ್ಪುನೇರಳೆ ಸೊಪ್ಪಿಗೆ ಸಿಂಪಡಿಸಿ ಬೆಳೆದ ಹುಳುಗಳಿಗೆ ತಿನ್ನಿಸಿದರೆ, ಹಿಂದುಮುಂದಾಗದೆ ಒಟ್ಟಿಗೆ ಹಣ್ಣಾಗಿ ಒಂದೇ ಹೊತ್ತಿಗೆ ಚಂದ್ರಿಕೆ ಏರುತ್ತವೆ.