ಮೋಡೆಮ್ ಉಂಟು, ಆದರೆ ಇಲ್ಲ!

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಮೊದಲು ದೊಡ್ಡ ನಗರಗಳಿಗೆ ಮಾತ್ರ. ನಮ್ಮ ಗಡಿನಾಡಿನ ಮನೆಗಳಿಗೆ ಅದು ತಲುಪಲು ಮತ್ತೂ ಕೆಲವು ವರ್ಷ ಬೇಕಾಯಿತು. ಬಂದದ್ದು ಟೆಲಿಫೋನ್ ತಂತಿಯಲ್ಲೇ. ಕಂಪ್ಯೂಟರೇ ಫೋನ್ ಮಾಡಬೇಕು, ಆಚೆಯವರು ಎತ್ತಬೇಕು, ಆಮೇಲೆ ಎರಡೂ ಕಡೆಯ ಮೋಡೆಮ್‌ಗಳು ಕಿರುಚಾಡಿ ಒಪ್ಪಂದಕ್ಕೆ ಬರಬೇಕು. ಈಗಿನ ಮಕ್ಕಳಿಗೆ ಹೇಳಿದರೆ ನಗ್ತಾರೆ.

ಅದೇ ಹೊತ್ತಿಗೆ ಲಿನಕ್ಸ್ ಕೂಡ ಬಂತು. ಪಿಸಿಕ್ವೆಸ್ಟ್‌ನಂಥ ಪತ್ರಿಕೆಗಳ ಜೊತೆ ಸಿಡಿ ಸಿಗುತ್ತಿತ್ತು. ಹಾಕಿ ನೋಡಿದವರಲ್ಲಿ ಹೆಚ್ಚಿನವರು ಎಡವಿದ್ದು ಒಂದೇ ಜಾಗದಲ್ಲಿ: ಇಂಟರ್ನೆಟ್ ಸಿಗುವುದಿಲ್ಲ.

ಕಾರಣ ಲಿನಕ್ಸ್ ಅಲ್ಲ ಮಾರಾಯ್ರೆ, ಮೋಡೆಮ್. ಅಂಕಿಗಳನ್ನು ಶಬ್ದವಾಗಿ, ಶಬ್ದವನ್ನು ಮತ್ತೆ ಅಂಕಿಗಳಾಗಿ ಮಾಡುವ ಕೆಲಸ ಹಳೆಯ ಮೋಡೆಮ್‌ಗಳಲ್ಲಿ ಒಳಗಿನ ಚಿಪ್ಪಿನದ್ದು. ತೊಂಬತ್ತರ ದಶಕದ ಕೊನೆಗೆ ಬೆಲೆ ಇಳಿಸಲೆಂದು ತಯಾರಕರು ಆ ಕೆಲಸವನ್ನು ಕಂಪ್ಯೂಟರಿನ ಪ್ರೊಸೆಸರಿಗೇ ದಾಟಿಸಿದರು. ಅದನ್ನು ಮಾಡಿಸುವ ತಂತ್ರಾಂಶ ಬರೆದದ್ದು ವಿಂಡೋಸ್‌ಗೆ ಮಾತ್ರ. ಹಾಗಾಗಿ 'ವಿನ್‌ಮೋಡೆಮ್' ಎಂಬ ಹೆಸರು ಬಿತ್ತು. ಒಳಗಿನ ವಿವರವನ್ನು ಹೆಚ್ಚಿನ ಕಂಪನಿಗಳು ಹೊರಗೆ ಬಿಡಲಿಲ್ಲ. ದುಡ್ಡು ಕೊಟ್ಟು ತಂದ ಸಾಮಾನು ನಮ್ಮದೇ, ಆದರೆ ಅದನ್ನು ಯಾವ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಓಡಿಸಬೇಕು ಎಂಬುದು ನಮ್ಮ ಕೈಲಿಲ್ಲ! ಲ್ಯೂಸೆಂಟ್ ಚಿಪ್ಪಿನಂಥ ಕೆಲವಕ್ಕೆ ಲಿನಕ್ಸ್ ಚಾಲಕ ಬಂತು. ಆದರೆ ಕರ್ನಲ್ ಬದಲಾದಾಗಲೆಲ್ಲ ಅದನ್ನು ಪುನಃ ಕಟ್ಟಬೇಕು.

ಪರೀಕ್ಷೆ ಸುಲಭ. ಮಿನಿಕಾಮ್ ತೆರೆದು 'ಎಟಿ' ಎಂದು ಒತ್ತಬೇಕು. 1981ರ ಹೇಯ್ಸ್ ಮೋಡೆಮ್‌ನಿಂದ ಬಂದ ಭಾಷೆ ಅದು. 'ಓಕೆ' ಎಂದು ಉತ್ತರ ಬಂದರೆ ಮೋಡೆಮ್ ಜೀವಂತ.

ಆಮೇಲಿನ ತೊಂದರೆಗಳು ತಂತಿಯವು. 'ನೋ ಡಯಲ್‌ಟೋನ್' ಎಂದರೆ ನಮ್ಮ ಎಕ್ಸ್‌ಚೇಂಜಿನ ಸ್ವರ ಪರದೇಶದ ಮೋಡೆಮ್‌ಗೆ ಗುರುತು ಸಿಗಲಿಲ್ಲ ಎಂದೂ ಇರಬಹುದು. 'ಎಟಿಎಕ್ಸ್3' ಕೊಟ್ಟರೆ ಸ್ವರಕ್ಕೆ ಕಾಯದೆ ನಂಬರ್ ಒತ್ತುತ್ತದೆ. ಮಳೆಗಾಲದಲ್ಲಿ ಜಾಯಿಂಟಿಗೆ ನೀರು ಹೋಗಿ ತಂತಿ ಕರಕರ ಅಂದರೆ 'ನೋ ಕ್ಯಾರಿಯರ್'. ಅದಕ್ಕೆ ಲೈನ್‌ಮನ್ನೇ ಬರಬೇಕು.

ಎಲ್ಲಕ್ಕಿಂತ ಸಂಕಟ ಯಾವುದೆಂದರೆ, ಸಂಪರ್ಕ ಸಿಕ್ಕಿದೆ, ಮೀಟರ್ ಓಡ್ತಾ ಉಂಟು, ಪುಟ ಮಾತ್ರ ತೆರೆಯುವುದಿಲ್ಲ. ಅಂಕಿಯ ವಿಳಾಸಕ್ಕೆ 'ಪಿಂಗ್' ಹೋಗಿ, ಹೆಸರಿಗೆ ಹೋಗದಿದ್ದರೆ 'ರಿಸಾಲ್ವ್.ಕಾನ್ಫ್' ಕಡತದಲ್ಲಿ ಹೆಸರು ಹುಡುಕಿಕೊಡುವ ಸರ್ವರಿನ ವಿಳಾಸ ಇಲ್ಲದಿರಬಹುದು, ಇಲ್ಲವೇ ತಪ್ಪಿರಬಹುದು. ಎರಡೂ ಹೋಗದಿದ್ದರೆ ದಾರಿ ತಪ್ಪಿರಬಹುದು. ಮೊದಲೇ ಹಾಕಿದ್ದ ನೆಟ್‌ವರ್ಕ್ ಕಾರ್ಡ್ ಮುಖ್ಯ ದಾರಿಯನ್ನು ಹಿಡಿದು ಕೂತಿದ್ದರೆ ಪಿಪಿಪಿ ಅದನ್ನು ಎಬ್ಬಿಸುವುದಿಲ್ಲ. ಆದರೆ ಆ ಸಂಗತಿಯನ್ನು ಲಾಗ್ ಕಡತದಲ್ಲಿ ಬರೆದಿಡುತ್ತದೆ. ಓದುವ ತಾಳ್ಮೆ ಬೇಕು, ಅಷ್ಟೆ. ಊಹೆಯಿಂದ ಪುನಃ ಪುನಃ ಡಯಲ್ ಮಾಡಿದರೆ, ಆಚೆಯವರು ಎತ್ತಿದಾಗಲೆಲ್ಲ ಒಂದೊಂದು ಕಾಲ್ ಬಿಲ್ಲಿಗೆ.

ಡಬ್ಲ್ಯುವಿಡಯಲ್ ಬಂದ ಮೇಲೆ ಕೆಲಸ ಹಗುರವಾಯಿತು. ಅದರಲ್ಲಿ 'ಸ್ಟುಪಿಡ್ ಮೋಡ್' ಎಂಬ ಸಾಲೇ ಇತ್ತು! ಆಚೆಯ ಸರ್ವರ್ ಹೆಸರು ಕೇಳಲೆಂದು ಕಾಯದೆ ನೇರ ಪಿಪಿಪಿ ಶುರು ಮಾಡು ಎಂದು ಅದರರ್ಥ.

2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರುವಾಯಿತು. ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಹೊಸ ಮೋಡೆಮ್ ಪೆಟ್ಟಿಗೆ ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತಿತ್ತು, ಈಚೆ ಇರುವುದು ವಿಂಡೋಸೋ ಲಿನಕ್ಸೋ ಎಂದು ಕೇಳುತ್ತಿರಲಿಲ್ಲ. ಹಳೆಯ ವಿನ್‌ಮೋಡೆಮ್ ಕಾರ್ಡುಗಳು ಗುಜರಿಗೆ ಹೋದವು.