ಕರಗುವ ದಾಸ್ತಾನು

ಕರಗಿ ಹೋಗುವ ಸರಕನ್ನು ಅಡವಿಟ್ಟು ಯಾರಾದರೂ ಸಾಲ ಕೇಳಿದರೆ, ಬ್ಯಾಂಕಿನವನಾದ ನಾನು ಒಂದು ಲೋಟ ಕಾಫಿ ಕುಡಿಸಿ ಸಾಗಹಾಕುತ್ತೇನೆ. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ನಂಬಿದ್ದು ಅಂಥದೇ ಸರಕನ್ನು. 1806ರಲ್ಲಿ ಮಂಜುಗಡ್ಡೆಯನ್ನು ಹಡಗಿಗೆ ತುಂಬಿ ವೆಸ್ಟ್ ಇಂಡೀಸಿನ ಮಾರ್ಟಿನಿಕ್ ದ್ವೀಪಕ್ಕೆ ಒಯ್ದ. ಊರವರು ನಕ್ಕರು. ನಷ್ಟವಾಯಿತು, ಮುಂದೆ ಸಾಲಕ್ಕಾಗಿ ಜೈಲನ್ನೂ ಕಂಡ. ಆದರೂ ಬಿಡಲಿಲ್ಲ ಪುಣ್ಯಾತ್ಮ.

ಅವನ ಲೆಕ್ಕ ಹುಚ್ಚಿನದಲ್ಲ ಸ್ವಾಮಿ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯ ನೀರಿಗೆ ಬೆಲೆಯಿಲ್ಲ. ಸುತ್ತ ತುಂಬುವ ಮರದ ಹೊಟ್ಟು ಸಾಮಿಲ್ಲಿನ ಕಸ. ಇಂಡಿಯಾ ಕಡೆಗೆ ಹೊರಡುವ ಹಡಗುಗಳಿಗೆ ತುಂಬಲು ಸರಕೇ ಸಾಲದು. ಬೆಲೆಯಿಲ್ಲದ ಮೂರನ್ನು ಕೂಡಿಸಿ ವ್ಯಾಪಾರ ಕಟ್ಟಿದ! ನಥಾನಿಯಲ್ ವೈಯತ್ ಎಂಬವನು ಕುದುರೆ ಎಳೆಯುವ ಮಂಜು ಕೊಯ್ಯುವ ಯಂತ್ರ ಮಾಡಿಕೊಟ್ಟ ಮೇಲೆ ಗಡ್ಡೆಗಳು ಒಂದೇ ಅಳತೆಗೆ ಬಂದವು, ಸಂದಿಯಿಲ್ಲದೆ ಪೇರಿಸಬಹುದಾಯಿತು. ಸಂದಿ ಇಲ್ಲದಿದ್ದರೆ ಗಾಳಿ ಆಡುವುದಿಲ್ಲ, ಕರಗುವುದೂ ಕಡಿಮೆ. ಇಡೀ ವ್ಯಾಪಾರದ ಗುಟ್ಟು ಇಷ್ಟೇ.

1833ರ ಮೇ ತಿಂಗಳಲ್ಲಿ 'ಟಸ್ಕನಿ' ಹಡಗು ಸುಮಾರು 180 ಟನ್ ಐಸ್ ಹೊತ್ತು ಹೊರಟು, ಭೂಮಧ್ಯರೇಖೆಯನ್ನು ಎರಡು ಸಲ ದಾಟಿ, ನಾಲ್ಕು ತಿಂಗಳಿಗೆ ಕಲ್ಕತ್ತಾ ಮುಟ್ಟಿತು. ಉಳಿದಿದ್ದದ್ದು ಸುಮಾರು 100 ಟನ್. ಸುಂಕ ಮಾಫಿಯಾಯಿತು, ಬಿಸಿಲು ತಾಗದಂತೆ ರಾತ್ರಿ ಇಳಿಸಲು ಅನುಮತಿ ಸಿಕ್ಕಿತು, ಗವರ್ನರ್ ಜನರಲ್ ಬೆಂಟಿಂಕ್ ಟ್ಯೂಡರನ ಏಜೆಂಟನಿಗೆ ಬೆಳ್ಳಿಯ ಬಟ್ಟಲು ಕೊಟ್ಟ. ಕಾಫಿ ಸಟ್ಟಾದಲ್ಲಿ ಮುಳುಗಿದ್ದ ಟ್ಯೂಡರನ ಸಾಲ ತೀರಲು ಕಲ್ಕತ್ತಾದ ಐಸ್ ಬಹಳ ನೆರವಾಯಿತು. ಆ ಐಸ್ ಕಂಡವರು ದೊರೆಗಳು, ಸಾಹುಕಾರರು. ದೋಣಿಯಿಂದ ಇಳಿಸಿ ಹೊತ್ತವರ ಬಾಯಿಗೆ ಎಷ್ಟು ಬಿತ್ತೋ, ಯಾವ ಲೆಡ್ಜರಿನಲ್ಲೂ ಬರೆದಿರಲಾರರು.

ಮದ್ರಾಸಿನಲ್ಲಿ ಕಡಲ ದಂಡೆಯಲ್ಲೇ ಐಸ್ ಹೌಸ್ ಎದ್ದಿತು. 1846-47ರ ಚಳಿಗಾಲದಲ್ಲಿ ಟ್ಯೂಡರನ ಜನ ಐಸ್ ಕೊಯ್ದದ್ದು ಹೆನ್ರಿ ಥೋರೋನ ವಾಲ್ಡನ್ ಕೊಳದಲ್ಲಿ. ತನ್ನ ಕೊಳದ ನೀರನ್ನು ಮದ್ರಾಸಿನವರೂ ಕುಡಿಯುತ್ತಾರೆಂದು ಅವನು ತನ್ನ ಪುಸ್ತಕದಲ್ಲಿ ಸಂತೋಷಪಟ್ಟಿದ್ದಾನೆ.

1870ರ ದಶಕದಲ್ಲಿ ಇಲ್ಲಿಯೇ ಯಂತ್ರದ ಐಸ್ ಬಂತು, ಅಮೆರಿಕದ ಗಡ್ಡೆಯ ಕಥೆ ಮುಗಿಯಿತು. ಅಲ್ಲಿಂದ ಮನೆಯ ಫ್ರಿಜ್ಜಿನೊಳಗೆ ತಾನೇ ಐಸ್ ಮಾಡುವ ಯಂತ್ರ ಬರಲು 1953 ಆಗಬೇಕಾಯಿತು. ಅಮೆರಿಕದ ಸರ್ವೆಲ್ ಕಂಪನಿಯದು.

ಈಗ ನಮ್ಮ ಮನೆಗಳಲ್ಲೂ ಬಾಗಿಲಿನಿಂದ ಐಸ್ ಉದುರಿಸುವ ಫ್ರಿಜ್ಜುಗಳಿವೆ. 'ಐಸ್ ಬೀಳುತ್ತಿಲ್ಲ, ಗಡ್ಡೆ ಕಟ್ಟಿದೆ' ಎನ್ನುವ ದೂರೂ ಇದೆ. ಟ್ಯೂಡರ್ ಹೆದರಿದ್ದ ಅದೇ ಸಂದಿ, ಅದೇ ಗಾಳಿ! ಚಿಕ್ಕ ತುಂಡುಗಳ ನಡುವೆ ಸಂದಿಯೇ ಹೆಚ್ಚು. ಬಾಗಿಲು ತೆಗೆದಾಗಲೆಲ್ಲ ಅಂಚು ಚೂರು ಕರಗಿ ಮತ್ತೆ ಹೆಪ್ಪುಗಟ್ಟಿ ಒಂದಕ್ಕೊಂದು ಅಂಟುತ್ತವೆ. ಬಳಸುತ್ತಿರಬೇಕು, ಇಲ್ಲವೇ ಆಗಾಗ ಡಬ್ಬ ಬರಿದು ಮಾಡಿ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಇಡಬೇಕು. ಚಾಕುವಿನಿಂದ ಕುಟ್ಟುವುದು ಬೇಡ, ಪ್ಲಾಸ್ಟಿಕ್ ಸೀಳುತ್ತದೆ. ಚೆನ್ನೈನ ಗಡಸು ನೀರಿಗೆ ಫಿಲ್ಟರನ್ನು ಆರು ತಿಂಗಳಿಗೊಮ್ಮೆಯಾದರೂ ಬದಲಿಸಿ. ರಜಕ್ಕೆ ಊರಿಗೆ ಹೊರಟರೆ ಐಸ್ ಮೇಕರ್ ಆಫ್ ಮಾಡಿ, ಡಬ್ಬ ಖಾಲಿ ಮಾಡಿಯೇ ಹೋಗಿ.

ಮದ್ರಾಸಿನ ಆ ಕಟ್ಟಡವನ್ನು ಕೊನೆಗೆ ಕೊಂಡವರು ವಕೀಲ ಬಿಳಿಗಿರಿ ಅಯ್ಯಂಗಾರ್. ಐಸ್ ಗುಡ್ಡೆ ಹಾಕುತ್ತಿದ್ದ ಮನೆಗೆ ಬಿಳಿಗಿರಿ ಎಂಬ ಒಡೆಯ! ಕನ್ನಡ ಬಲ್ಲವರಿಗಷ್ಟೇ ಸಿಗುವ ತಮಾಷೆ ಇದು. 1897ರ ಫೆಬ್ರವರಿಯಲ್ಲಿ ಸ್ವಾಮಿ ವಿವೇಕಾನಂದರು ಒಂಬತ್ತು ದಿನ ಅಲ್ಲಿದ್ದರು. ಮುಂದೆ ಸೋದರಿ ಸುಬ್ಬಲಕ್ಷ್ಮಿ ಅಲ್ಲಿ ಬಾಲವಿಧವೆಯರನ್ನು ಇರಿಸಿಕೊಂಡು ಓದಿಸಿದರು. ಈಗ ಅದು ವಿವೇಕಾನಂದರ್ ಇಲ್ಲಂ. ಪಕ್ಕದ ಪೊಲೀಸ್ ಠಾಣೆಯ ಹೆಸರು ಮಾತ್ರ ಇನ್ನೂ ಐಸ್ ಹೌಸ್.